ಸಿಸ್ಟಮ್ ತಪ್ಪಿದರೆ ಅಲೆಯಬೇಕಾದವರು ಯಾರು? ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೆಲಸ, ಶಿಕ್ಷಣ, ಪಿಂಚಣಿ, ಸಹಾಯಧನ ಇವುಗಳಿಗೆ ನಿಯಮ ಬರೆಯುವ ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ. ಮಂತ್ರಿಗಳು, ಕಾರ್ಯದರ್ಶಿಗಳು, ಪರೀಕ್ಷಾ ಮಂಡಳಿಯವರು, ಆ್ಯಪ್ ಕಂಪನಿ ನಡೆಸುವವರು, ಎಲ್ಲರೂ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯಬಹುದಿತ್ತು. ಆದರೆ ಹೇಳಬೇಕಾದ ಮಾತು ಒಂದೇ ಇದೆ.

ನಿಮ್ಮ ಸಾಫ್ಟ್‌ವೇರ್ ಯಾರದೋ ಹೆಸರಿನ ಮುಂದೆ ಒಂದು ಗುರುತು ಹಾಕುತ್ತದೆ. ಅನರ್ಹ, ವಂಚನೆಯ ಶಂಕೆ, ಗೈರುಹಾಜರಿ, ನಕಲು, ಐಡಿ ಬ್ಲಾಕ್, ಹೀಗೆ ಏನೋ ಒಂದು. ಅಲ್ಲಿಗೆ ದುಡ್ಡು ನಿಂತಿತು, ಇಲ್ಲವೇ ಕೆಲಸ ಹೋಯಿತು, ಇಲ್ಲವೇ ಅಂಕ ಬಿತ್ತು. ಆ ಗುರುತು ಸರಿಯೋ ತಪ್ಪೋ ಅಂತ ಸಾಬೀತು ಮಾಡುವುದು ಯಾರ ಕೆಲಸ? ಬಹುತೇಕ ಕಡೆ ಈಗಿರುವ ಉತ್ತರ: ಗುರುತು ಬಿದ್ದವರ ಕೆಲಸ. ಹಳೆಯ ಕಾಗದ ಹುಡುಕುವುದು, ಅರ್ಜಿ ಹಾಕುವುದು, ಸಹಾಯವಾಣಿಯಲ್ಲಿ ಕಾಯುವುದು, ಕೂಲಿ ಬಿಟ್ಟು ಕೌಂಟರ್ ಮುಂದೆ ನಿಲ್ಲುವುದು ಎಲ್ಲ ಅವರದ್ದೇ. ಇದನ್ನು ತಿರುವಿ ಹಾಕಿ ಅಂತ ಕೇಳುತ್ತಿದ್ದೇನೆ. ಗುರುತು ಹಾಕಿದವರು ಮೊದಲು ಸಾಬೀತು ಮಾಡಲಿ. ಅಲ್ಲಿಯವರೆಗೆ ಯಾವುದನ್ನೂ ನಿಲ್ಲಿಸುವುದು ಬೇಡ.

ಇದೇನು ಅಷ್ಟು ದೊಡ್ಡ ವಿಷಯ ಅಂತ ಅನ್ನಿಸಬಹುದು. ಆಸ್ಟ್ರೇಲಿಯಾದ ಕಥೆ ನೋಡಿ. ಜನ ಅದನ್ನು ರೋಬೋಡೆಟ್, ಅಂದರೆ ಯಂತ್ರ ಹೊರಿಸಿದ ಸಾಲ, ಅಂತ ಕರೆದರು. ಅಲ್ಲಿ ಕೆಲಸ ಇಲ್ಲದವರಿಗೆ, ಕಡಿಮೆ ದುಡಿಯುವವರಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ಭತ್ಯೆ ಕೊಡುತ್ತದೆ. ಆ ಎರಡು ವಾರದಲ್ಲಿ ಎಷ್ಟು ದುಡಿದಿರಿ ಎಂಬುದರ ಮೇಲೆ ಭತ್ಯೆ ಎಷ್ಟು ಅಂತ ಲೆಕ್ಕ. 2016ರಲ್ಲಿ ಒಂದು ಸ್ವಯಂಚಾಲಿತ ವ್ಯವಸ್ಥೆ ದೊಡ್ಡ ಮಟ್ಟದಲ್ಲಿ ಶುರುವಾಯಿತು. ಅದು ತೆರಿಗೆ ಇಲಾಖೆಯಿಂದ ಇಡೀ ವರ್ಷದ ಆದಾಯ ತೆಗೆದುಕೊಂಡು, ಅದನ್ನು 26 ಭಾಗ ಮಾಡಿ, ಪ್ರತಿ ಎರಡು ವಾರಕ್ಕೂ ಸಮನಾಗಿ ಹಂಚಿತು. ಉದಾಹರಣೆಗೆ ಒಬ್ಬರು ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿದರು, ಆಮೇಲೆ ಕೆಲಸ ಹೋಗಿ ಆರು ತಿಂಗಳು ಭತ್ಯೆ ಪಡೆದರು ಅಂದುಕೊಳ್ಳಿ. ಕಂಪ್ಯೂಟರ್ ಲೆಕ್ಕದಲ್ಲಿ ಅವರು ವರ್ಷವಿಡೀ ಪ್ರತಿ ಎರಡು ವಾರಕ್ಕೆ 1,000 ಡಾಲರ್ ದುಡಿದಿದ್ದಾರೆ. ಕೈಯಲ್ಲಿ ಒಂದು ಡಾಲರ್ ಇಲ್ಲದ ತಿಂಗಳಲ್ಲೂ! ಹಾಗಾಗಿ ನೀವು ಸುಳ್ಳು ಹೇಳಿ ಭತ್ಯೆ ತಗೊಂಡಿದ್ದೀರಿ, ವಾಪಸ್ ಕಟ್ಟಿ ಅಂತ ನೋಟಿಸು ಹೋಯಿತು. ಇದು ತಪ್ಪು ಅಂತ ತಿಳಿಯಲು ಗಣಿತದ ಪಂಡಿತರು ಬೇಕಾ? ಶಾಲಾ ಮಕ್ಕಳೇ ಹೇಳುತ್ತಾರೆ.

ಆದರೆ ನನಗೆ ಆ ಗಣಿತಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಅದಕ್ಕೂ ಮುಂಚೆ ಆದಾಯದಲ್ಲಿ ವ್ಯತ್ಯಾಸ ಕಂಡರೆ ಇಲಾಖೆಯ ನೌಕರರೇ ವಿಚಾರಿಸುತ್ತಿದ್ದರು. ಬೇಕಾದರೆ ಮಾಲೀಕರಿಂದ ಸಂಬಳದ ವಿವರ ತರಿಸಿಕೊಳ್ಳುತ್ತಿದ್ದರು. ಅದಕ್ಕೆ ಅವರಿಗೆ ಅಧಿಕಾರ ಇತ್ತು, ಸಂಬಳವೂ ಇತ್ತು. ಹೊಸ ವ್ಯವಸ್ಥೆ ಬಂದ ಮೇಲೆ ಅದೇ ಕೆಲಸ ನೋಟಿಸು ಬಂದವರ ತಲೆಗೆ ಬಿತ್ತು. ಐದಾರು ವರ್ಷ ಹಿಂದಿನ ಸಂಬಳದ ಚೀಟಿ ತನ್ನಿ ಅಂದರು. ಎಲ್ಲಿಂದ ತರಬೇಕು? ಹೋಟೆಲಿನಲ್ಲಿ ಪಾತ್ರೆ ತೊಳೆದವರು, ಹಣ್ಣು ಕಿತ್ತವರು, ಮುಚ್ಚಿಹೋದ ಅಂಗಡಿಯಲ್ಲಿ ದುಡಿದವರು ಇಂಥದ್ದನ್ನೆಲ್ಲ ಜೋಪಾನ ಮಾಡಿ ಇಟ್ಟಿರುತ್ತಾರಾ? ಸರ್ಕಾರದ ಪುಸ್ತಕದಲ್ಲಿ ಇದು ಉಳಿತಾಯ ಅಂತ ಬರೆಯಲಾಯಿತು. ಪರಿಶೀಲಿಸುವ ಕೆಲಸ ಎಲ್ಲೂ ಕಡಿಮೆ ಆಗಿರಲಿಲ್ಲ. ಸಂಬಳ ಪಡೆಯುವವರಿಂದ ಅದು ಸಂಬಳವೇ ಇಲ್ಲದವರ ಕೈಗೆ ಹೋಗಿತ್ತು, ಅಷ್ಟೇ.

2019ರ ಕೊನೆಗೆ ನ್ಯಾಯಾಲಯದಲ್ಲಿ ಇದು ಕಾನೂನುಬಾಹಿರ ಅಂತ ಸರ್ಕಾರವೇ ಒಪ್ಪಿಕೊಳ್ಳಬೇಕಾಯಿತು. 2020ರಲ್ಲಿ ಸುಮಾರು 4,70,000 ಬಾಕಿಗಳ ಲೆಕ್ಕದಲ್ಲಿ 72 ಕೋಟಿ ಡಾಲರಿಗೂ ಜಾಸ್ತಿ ಹಣ ವಾಪಸ್ ಕೊಡುವುದಾಗಿ ಘೋಷಿಸಿದರು. 2023ರಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗದ ವರದಿ ಬಂತು, ಇಡೀ ಯೋಜನೆಯನ್ನು ಅದು ಒರಟು, ಕ್ರೂರ ಅಂತ ಬಣ್ಣಿಸಿತು. ಒಳ್ಳೆಯದೇ. ಆದರೆ ಆ ನೋಟಿಸಿಗೆ ಹೆದರಿ ಸಾಲ ಮಾಡಿ ಕಟ್ಟಿದವರ ನಿದ್ದೆಗೆಟ್ಟ ರಾತ್ರಿಗಳನ್ನು ಯಾವ ಖಾತೆಗೆ ವಾಪಸ್ ಹಾಕುತ್ತೀರಿ?

ಬ್ರಿಟನ್ನಿನ ಅಂಚೆ ಕಚೇರಿಯ ಹಗರಣ ಇನ್ನೂ ಭಯಂಕರ. 1999ರಿಂದ ಅಲ್ಲಿನ ಅಂಚೆ ಶಾಖೆಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಫುಜಿತ್ಸು ಕಂಪನಿ ಪೂರೈಸಿದ್ದು. ಶಾಖೆ ನಡೆಸುವವರ ಲೆಕ್ಕದಲ್ಲಿ ಇದ್ದಕ್ಕಿದ್ದಂತೆ ಸಾವಿರಾರು ಪೌಂಡ್ ಕೊರತೆ ಕಾಣತೊಡಗಿತು. ಸಹಾಯವಾಣಿಗೆ ಫೋನ್ ಮಾಡಿದರೆ, ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ ಅಂತ ಹೇಳಿದರು ಎಂದು ಎಷ್ಟೋ ಜನ ಆಮೇಲೆ ಸಾಕ್ಷಿ ಹೇಳಿದ್ದಾರೆ. ಕೊರತೆಯನ್ನು ಕೈಯಿಂದ ತುಂಬಿ, ಇಲ್ಲದಿದ್ದರೆ ಕೇಸು. 900ಕ್ಕೂ ಹೆಚ್ಚು ಜನರ ಮೇಲೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪ ಸಾಬೀತಾಯಿತು ಅಂತ ತೀರ್ಪು ಬಂತು. ಕೆಲವರು ಜೈಲಿಗೆ ಹೋದರು. ಕೆಲವರು ಜೀವ ಕಳೆದುಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಕೆಟ್ಟಿದ್ದು ಸಾಫ್ಟ್‌ವೇರ್, ಕೈಕೋಳ ಬಿದ್ದದ್ದು ಮನುಷ್ಯರಿಗೆ.

ನ್ಯಾಯಾಲಯಗಳು ಇಷ್ಟು ಸುಲಭವಾಗಿ ಹೇಗೆ ನಂಬಿದವು? ಇಲ್ಲಿ ನಿಮ್ಮಂಥ ನಿಯಮ ಬರೆಯುವವರ ಪಾತ್ರ ಇದೆ. ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯ ಪ್ರಕಾರ ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕಿತ್ತು. 1999ರ ಇನ್ನೊಂದು ಕಾಯ್ದೆ ಆ ಷರತ್ತನ್ನು ತೆಗೆದುಹಾಕಿತು. ಆಮೇಲೆ ಉಳಿದದ್ದು ಒಂದು ಊಹೆ: ಬೇರೆ ಥರ ಸಾಬೀತಾಗುವವರೆಗೆ ಕಂಪ್ಯೂಟರ್ ಸರಿಯಾಗಿಯೇ ಇದೆ. ನೋಡಿ, ಯಾರೋ ಕಚೇರಿಯಲ್ಲಿ ಕೂತು ತೆಗೆದ ಒಂದೇ ಒಂದು ಸೆಕ್ಷನ್. ಅದರಿಂದ ಹೊರೆ ಈ ಕಡೆಯಿಂದ ಆ ಕಡೆಗೆ ಹೋಯಿತು. ಸಾಫ್ಟ್‌ವೇರಿನ ಒಳಗೆ ಏನಾಗುತ್ತಿದೆ ಅಂತ ಅಂಚೆ ಶಾಖೆಯ ಒಬ್ಬ ಸಾಮಾನ್ಯ ಮನುಷ್ಯ ಹೇಗೆ ತೋರಿಸಬೇಕು? ದಾಖಲೆ ಎಲ್ಲ ಇರುವುದು ಎದುರು ಪಕ್ಷದವರ ಹತ್ತಿರ. 2019ರಲ್ಲಿ ಹೈಕೋರ್ಟ್ ಈ ಸಾಫ್ಟ್‌ವೇರಿನಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟಿತು. ಎಲ್ಲರ ಹೆಸರು ಒಟ್ಟಿಗೇ ಶುದ್ಧವಾಗಲು 2024ರಲ್ಲಿ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು.

ಈಗ ಇದರ ಪಕ್ಕದಲ್ಲೇ ಇನ್ನೊಂದು ಘಟನೆ ಇಟ್ಟು ನೋಡಿ. ಅದೇ ಬ್ರಿಟನ್, 2020ರ ಆಗಸ್ಟ್. ಕೋವಿಡ್‌ನಿಂದ ಎ-ಲೆವೆಲ್ ಪರೀಕ್ಷೆ (ನಮ್ಮ ಪಿಯುಸಿಯಂಥದ್ದು) ನಡೆದಿರಲಿಲ್ಲ. ಶಿಕ್ಷಕರು ಅಂದಾಜು ಗ್ರೇಡ್ ಕಳಿಸಿದರು. ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್ ಒಂದು ಅಲ್ಗಾರಿದಮ್ (ಕಂಪ್ಯೂಟರ್ ಲೆಕ್ಕದ ಸೂತ್ರ) ಹಾಕಿ, ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶಕ್ಕೆ ಹೊಂದುವ ಹಾಗೆ ಗ್ರೇಡ್‌ಗಳನ್ನು ತಿದ್ದಿತು. ಸುಮಾರು ಶೇ. 40ರಷ್ಟು ಗ್ರೇಡ್‌ಗಳು ಶಿಕ್ಷಕರು ಕೊಟ್ಟಿದ್ದಕ್ಕಿಂತ ಕೆಳಗಿಳಿದವು. ಹಿಂದಿನ ವರ್ಷಗಳಲ್ಲಿ ಚೆನ್ನಾಗಿ ಮಾಡದ ಶಾಲೆಯಲ್ಲಿ ಈ ವರ್ಷ ಒಬ್ಬ ಚುರುಕು ಹುಡುಗಿ ಇದ್ದರೆ ಅವಳ ಕಥೆ ಮುಗಿಯಿತು, ಆ ಶಾಲೆಯಲ್ಲಿ ಅವಳಿಗಿಂತ ಮುಂಚೆ ಓದಿದವರು ಗಳಿಸಿದ ಗ್ರೇಡೇ ಅವಳಿಗೂ ಮಿತಿ. ತೀರಾ ಸಣ್ಣ ತರಗತಿಗಳಿಗೆ ಮಾತ್ರ ಶಿಕ್ಷಕರ ಅಂದಾಜನ್ನೇ ಉಳಿಸಿಕೊಂಡರು. ಸಣ್ಣ ತರಗತಿ ಜಾಸ್ತಿ ಇರುವುದು ಎಲ್ಲಿ? ದುಬಾರಿ ಖಾಸಗಿ ಶಾಲೆಗಳಲ್ಲಿ. ಬೇಕೆಂದೇ ಯಾರೂ ಅನ್ಯಾಯ ಮಾಡಲಿಲ್ಲ, ಆದರೂ ಅನ್ಯಾಯ ಯಾರ ಮನೆಗೆ ಹೋಗಬೇಕೋ ಸರಿಯಾಗಿ ಅಲ್ಲಿಗೇ ಹೋಯಿತು.

ಫಲಿತಾಂಶ ಬಂದದ್ದು ಆಗಸ್ಟ್ 13. ವಿದ್ಯಾರ್ಥಿಗಳು ಬೀದಿಗಿಳಿದರು, ಟಿವಿಯವರು ಬಂದರು, ಆಗಸ್ಟ್ 17ಕ್ಕೆ ಸರ್ಕಾರ ಹಿಂದೆ ಸರಿಯಿತು. ನಾಲ್ಕು ದಿನ! ಆಸ್ಟ್ರೇಲಿಯಾದ ಭತ್ಯೆದಾರರಿಗೆ ವರ್ಷಗಳು ಬೇಕಾದವು. ಅಂಚೆ ಶಾಖೆಯವರಿಗೆ ಎರಡು ದಶಕ. ಮೂರೂ ಕಡೆ ತಪ್ಪು ಯಂತ್ರದ್ದೇ. ವ್ಯತ್ಯಾಸ ಇದ್ದದ್ದು ಒಂದೇ ದಿನ, ಒಂದೇ ವಯಸ್ಸಿನ, ದೇಶದ ಎಲ್ಲ ಕಡೆಯ ಮಕ್ಕಳಿಗೆ ಒಟ್ಟಿಗೆ ಪೆಟ್ಟು ಬಿತ್ತು ಎಂಬುದರಲ್ಲಿ. ಬೇರೆಯವರಿಗೆ ಒಬ್ಬೊಬ್ಬರಿಗೇ ನೋಟಿಸು ಹೋಗುತ್ತದೆ. ಮನೆಯೊಳಗೆ ಕೂತು, ನಾನೇ ಏನೋ ತಪ್ಪು ಮಾಡಿರಬೇಕು ಅಂದುಕೊಳ್ಳುತ್ತಾರೆ. ಪಕ್ಕದ ಬೀದಿಯವರಿಗೂ ಅದೇ ನೋಟಿಸು ಬಂದಿದೆ ಅಂತ ಅವರಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ನಾನು ದೂರು ಕೊಟ್ಟರೆ ಸರಿಮಾಡುತ್ತೇವೆ ಎಂಬ ನಿಮ್ಮ ಮಾತನ್ನು ಅಷ್ಟಾಗಿ ನಂಬುವುದಿಲ್ಲ. ದೂರು ಕೊಡುವ ಶಕ್ತಿ ಎಲ್ಲರಿಗೂ ಸಮನಾಗಿ ಇರುವುದಿಲ್ಲ. ಶಕ್ತಿ ಇದ್ದವರ ತಪ್ಪು ಬೇಗ ಸರಿಹೋಗುತ್ತದೆ, ಇಲ್ಲದವರದ್ದು ಹಾಗೇ ಉಳಿಯುತ್ತದೆ. ಸಮಾನತೆಯ ಬಗ್ಗೆ ಭಾಷಣ ಮಾಡುವಾಗ ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದ ವಿಷಯದಲ್ಲಿ ಹೀಗೇ ಆಯಿತು. ಯಾವ ಅರ್ಜಿಯಲ್ಲಿ ಮೋಸ ಇರಬಹುದು ಅಂತ ಹೇಳುವ ತೆರಿಗೆ ಇಲಾಖೆಯ ಸಾಫ್ಟ್‌ವೇರ್ ಅರ್ಜಿದಾರರ ರಾಷ್ಟ್ರೀಯತೆಯನ್ನೂ ಒಂದು ಸುಳಿವಾಗಿ ಎಣಿಸುತ್ತಿತ್ತು. ಎಲ್ಲೋ ಒಂದು ಸಹಿ ಬಿಟ್ಟುಹೋಗಿದ್ದಕ್ಕೂ ಇಡೀ ವರ್ಷದ ಹಣ ವಾಪಸ್ ಕೇಳಿದರು. ಏಕೆ ಅಂತ ತಿಳಿಯಲು ಪೋಷಕರು ತಮ್ಮ ಕಡತ ಕೇಳಿದರೆ ಪುಟಗಟ್ಟಲೆ ಕಪ್ಪು ಮಸಿ ಬಳಿದ ಪ್ರತಿ ಸಿಕ್ಕಿತು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸಂಪುಟ ಇದೇ ಕಾರಣಕ್ಕೆ ರಾಜೀನಾಮೆ ಕೊಟ್ಟಿತು. ಅದಾಗಿ ಎರಡು ತಿಂಗಳಿಗೆ ಚುನಾವಣೆ, ಆಮೇಲೆ ಅದೇ ರುಟ್ಟೆ ಮತ್ತೆ ಪ್ರಧಾನಿಯಾದರು. ಅದು ಬೇರೆ ಕಥೆ, ಬಿಡಿ.

ಭಾರತದ ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನೂ ನೋಡಿ. 2023ರ ಜನವರಿಯಿಂದ ನರೇಗಾದಲ್ಲಿ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದ ಕಡೆ, ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಉದ್ದೇಶ ಸುಳ್ಳು ಹಾಜರಿ ತಡೆಯುವುದು. ಆಗಿದ್ದೇನು? ನೆಟ್‌ವರ್ಕ್ ಇಲ್ಲದ ಕಡೆ ದಿನವಿಡೀ ಮಣ್ಣು ಹೊತ್ತವರ ಫೋಟೊ ಅಪ್‌ಲೋಡ್ ಆಗಲಿಲ್ಲ, ಕೂಲಿ ಕೈತಪ್ಪಿತು. ಇನ್ನೊಂದು ಕಡೆ ಮೋಸ ಮಾಡುವವರು ಸುಮ್ನೆ ಕೂರಲಿಲ್ಲ. ಸಂಬಂಧವೇ ಇಲ್ಲದ ಫೋಟೊ ಹಾಕುತ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಅಂದರೆ ಕಳ್ಳನಿಗೆ ದಾರಿ ಸಿಕ್ಕಿತು, ದುಡಿದವಳಿಗೆ ದಾರಿ ಮುಚ್ಚಿತು. ಬೆರಳಚ್ಚಿನದ್ದೂ ಇದೇ ಪಾಡು. ಇಟ್ಟಿಗೆ, ಕಲ್ಲು, ಸಿಮೆಂಟ್ ಹಿಡಿದು ಬೆರಳ ಗೆರೆ ಸವೆದವರಿಗೇ ಯಂತ್ರ ಇಲ್ಲ ಅನ್ನುವುದು. ಆಧಾರ್ ತಾಳೆ ಆಗಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು ಅಂತ ಸುಪ್ರೀಂ ಕೋರ್ಟ್ 2018ರ ಆಧಾರ್ ತೀರ್ಪಿನಲ್ಲಿ ಹೇಳಿದೆ. ಆ ಮಾತು ಕೌಂಟರಿನಲ್ಲಿ ಕೂತವರವರೆಗೆ ಬರಬೇಕಲ್ಲ? ಅವರ ಮುಂದಿನ ಪರದೆಯಲ್ಲಿ ಹಸಿರು ಬಂದರೆ ಕೊಡು, ಕೆಂಪು ಬಂದರೆ ಕಳಿಸು, ಅಷ್ಟೇ ಇರುವುದು. ಮೂರನೇ ಬಟನ್ ಇಟ್ಟವರೇ ಇಲ್ಲ.

ಶಿಕ್ಷಣದಲ್ಲಿ ಇದರ ಹೊಸ ರೂಪ ಈಗ ಬಂದಿದೆ. ಪ್ರಬಂಧವನ್ನು ಎಐ ಬರೆದಿದೆಯೋ ವಿದ್ಯಾರ್ಥಿ ಬರೆದಿದ್ದಾರೋ ಅಂತ ಹೇಳುವ ಸಾಫ್ಟ್‌ವೇರ್‌ಗಳು. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಥ ಹಲವು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಟೋಫೆಲ್ ಪರೀಕ್ಷೆಗೆ ಕೈಯಾರೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಇವು ಎಐ ಬರೆದದ್ದು ಅಂತ ಗುರುತಿಸಿದವು. ಕಾರಣ ಸರಳ. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ, ನೇರವಾದ ವಾಕ್ಯಗಳನ್ನೇ ಬಳಸುತ್ತಾರೆ, ಸಾಧನಕ್ಕೆ ಅದೇ ಯಂತ್ರದ ಬರಹದಂತೆ ಕಾಣುತ್ತದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಇಂಥ ಸಾಧನವನ್ನು ನಿಖರತೆ ಕಡಿಮೆ ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ತಯಾರಿಸಿದವರೇ ನಂಬದ ವಿದ್ಯೆಯನ್ನು ನಂಬಿ ವಿದ್ಯಾರ್ಥಿಗೆ ನೀನು ಬರೆದಿಲ್ಲ, ಬರೆದಿದ್ದರೆ ಸಾಬೀತು ಮಾಡು ಅನ್ನುವುದು ಯಾವ ನ್ಯಾಯ? ತಾನೇ ಬರೆದೆ ಅಂತ ಯಾರಾದರೂ ಹೇಗೆ ಸಾಬೀತು ಮಾಡುತ್ತಾರೆ? ನೀವೇ ಒಮ್ಮೆ ನಿಮ್ಮ ಹಳೆಯ ಟಿಪ್ಪಣಿಯೊಂದರ ಬಗ್ಗೆ ಪ್ರಯತ್ನಿಸಿ ನೋಡಿ.

ನಿಮ್ಮ ಉತ್ತರ ನನಗೆ ಗೊತ್ತು. ಮನುಷ್ಯರೂ ಪಕ್ಷಪಾತ ಮಾಡುತ್ತಾರೆ, ಗುಮಾಸ್ತರು ಲಂಚ ತಿನ್ನುತ್ತಾರೆ, ಯಂತ್ರ ಜಾತಿ ಕೇಳುವುದಿಲ್ಲ ಅನ್ನುತ್ತೀರಿ. ಅದರಲ್ಲಿ ನಿಜ ಇದೆ. ಹಣ ನೇರವಾಗಿ ಖಾತೆಗೆ ಬಂದಾಗ ಮಧ್ಯವರ್ತಿಗೆ ಕೈಮುಗಿಯುವುದು ತಪ್ಪಿದೆ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ನಾನು ಯಂತ್ರ ತೆಗೆಯಿರಿ ಅನ್ನುತ್ತಿಲ್ಲ. ಯಾರಿಗಾದರೂ ಏನಾದರೂ ಕೊಡಲು ಅದನ್ನು ಎಷ್ಟು ಬೇಕಾದರೂ ಬಳಸಿ. ಹೌದು ಅನ್ನುವುದನ್ನು ಯಂತ್ರ ಒಂದೇ ಕ್ಷಣದಲ್ಲಿ ಹೇಳಲಿ. ಇಲ್ಲ ಅನ್ನುವುದಿದ್ದರೆ ಮಾತ್ರ ಒಬ್ಬ ಮನುಷ್ಯ ಅದಕ್ಕೆ ಹೆಸರು ಹಾಕಲಿ.

ಹೆಸರು ಹಾಕಲಿ ಅಂದರೆ ಸುಮ್ನೆ ಸಹಿ ಒತ್ತುವುದಲ್ಲ. ಊಬರ್ ಚಾಲಕರನ್ನು ಆ್ಯಪ್‌ನಿಂದ ತೆಗೆದುಹಾಕಿದ ಪ್ರಕರಣದಲ್ಲಿ ಕಂಪನಿ, ನಮ್ಮ ಸಿಬ್ಬಂದಿಯೂ ಪರಿಶೀಲಿಸಿದ್ದಾರೆ ಅಂತ ವಾದಿಸಿತ್ತು. ಆ ಪಾತ್ರ ಬರೀ ತೋರಿಕೆಯದ್ದು ಅಂತ 2023ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ್ಯಪ್ ಕೆಲಸಗಾರರ ಖಾತೆ ನಿಲ್ಲಿಸುವ, ಕೆಲಸದಿಂದ ತೆಗೆಯುವ ನಿರ್ಧಾರವನ್ನು ಮನುಷ್ಯರೇ ಮಾಡಬೇಕು ಅಂತ ಯುರೋಪಿಯನ್ ಒಕ್ಕೂಟ 2024ರಲ್ಲಿ ನಿರ್ದೇಶನ ಹೊರಡಿಸಿದೆ, ಸದಸ್ಯ ದೇಶಗಳು 2026ರ ಡಿಸೆಂಬರ್ ಒಳಗೆ ಅದನ್ನು ತಮ್ಮ ಕಾನೂನಿಗೆ ತರಬೇಕು. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ದುಡಿಯುವವರ) ಕಾಯ್ದೆಯಲ್ಲೂ ಕೆಲಸದಿಂದ ತೆಗೆಯುವ ಮೊದಲು ಲಿಖಿತ ಕಾರಣ, 14 ದಿನಗಳ ನೋಟಿಸು ಕೊಡಬೇಕು ಅಂತ ಇದೆ. ಹಾಗಾದರೆ ಇದು ಆಗದ ಕೆಲಸವೇನಲ್ಲ. ಅಲ್ಲಲ್ಲಿ ಆಗುತ್ತಿದೆ. ನನ್ನ ತಕರಾರು ಏನೆಂದರೆ, ಖಾಸಗಿ ಕಂಪನಿಗೆ ಹಾಕುವ ಈ ಷರತ್ತನ್ನು ಸರ್ಕಾರಗಳು ತಮ್ಮದೇ ಇಲಾಖೆಗಳಿಗೆ ಹಾಕಿಕೊಳ್ಳಲು ಹಿಂಜರಿಯುತ್ತವೆ. ಊಟ ತಲುಪಿಸುವ ಹುಡುಗನ ಐಡಿ ಬ್ಲಾಕ್ ಮಾಡಲು 14 ದಿನದ ನೋಟಿಸು ಬೇಕು ಅನ್ನುವುದಾದರೆ, ಒಬ್ಬ ವಿಧವೆಯ ಪಿಂಚಣಿ ನಿಲ್ಲಿಸಲು ಎಷ್ಟು ದಿನದ್ದು ಬೇಕು?

ಹಾಗಾಗಿ ಕೇಳುವುದು ಇಷ್ಟು. ಕಾರಣವನ್ನು ಆ ಮನುಷ್ಯರ ಭಾಷೆಯಲ್ಲಿ, ಅವರದೇ ದಾಖಲೆ ತೋರಿಸಿ, ಬರೆದು ಕೊಡಿ. ನಿಯಮ ಇಂತಿಷ್ಟರ ಪ್ರಕಾರ ತಿರಸ್ಕರಿಸಲಾಗಿದೆ ಎಂಬ ಒಂದು ಸಾಲು ಕಾರಣ ಆಗುವುದಿಲ್ಲ. ಕಾರಣ ಕೊಡಲು ಆಗದಿದ್ದರೆ, ಅದು ಕಂಪನಿಯ ವ್ಯಾಪಾರದ ಗುಟ್ಟು ಅಂತಾದರೆ, ಆ ಸಾಫ್ಟ್‌ವೇರನ್ನು ಇಂಥ ಕೆಲಸಕ್ಕೆ ಕೊಳ್ಳಲೇಬೇಡಿ. ತಕರಾರು ಬಂದ ಮೇಲೆ ತೀರ್ಮಾನ ಆಗುವವರೆಗೆ ಹಣ, ಕೆಲಸ, ಪ್ರವೇಶ ಹಾಗೇ ನಡೆಯಲಿ. ಇದೇ ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಈಗ ತಡ ಆದಷ್ಟೂ ಇಲಾಖೆಗೆ ಏನೂ ನಷ್ಟ ಇಲ್ಲ, ಹಣ ಅದರ ಹತ್ತಿರವೇ ಇರುತ್ತದೆ, ಕಾಯುವವರು ಮಾತ್ರ ಸಾಲಕ್ಕೆ ಬೀಳುತ್ತಾರೆ. ಹಣ ಹೋಗುತ್ತಲೇ ಇದ್ದರೆ ಬೇಗ ತೀರ್ಮಾನ ಮಾಡುವ ಅವಸರ ನಿಮ್ಮದಾಗುತ್ತದೆ. ಗೊತ್ತುಮಾಡಿದ ದಿನದೊಳಗೆ ಉತ್ತರ ಬರದಿದ್ದರೆ ಆ ಗುರುತು ತಾನಾಗಿಯೇ ಅಳಿಯಲಿ. ಜನರಿಗೆ ಅರ್ಜಿಯ ಕೊನೆಯ ದಿನಾಂಕ ಇಡುತ್ತೀರಲ್ಲ, ನಿಮಗೂ ಒಂದು ಇರಲಿ.

ಜೊತೆಗೆ, ಎಷ್ಟು ಗುರುತು ಹಾಕಿದಿರಿ, ಅದರಲ್ಲಿ ಎಷ್ಟು ತಪ್ಪಾಯಿತು ಅಂತ ಪ್ರತಿ ವರ್ಷ ಪ್ರಕಟಿಸಿ. ಎಷ್ಟು ಕೋಟಿ ಉಳಿಸಿದೆವು ಅಂತ ಜಾಹೀರಾತು ಕೊಡಲು ಬರುವವರಿಗೆ ಇದು ಕಷ್ಟ ಆಗಬಾರದು. ಆ ಉಳಿತಾಯದಲ್ಲಿ ನಿಜವಾದ ಮೋಸಗಾರರ ಪಾಲು ಎಷ್ಟು, ಓಡಾಡಿ ಸುಸ್ತಾಗಿ ಕೈಬಿಟ್ಟವರ ಪಾಲು ಎಷ್ಟು ಅಂತಲೂ ಗೊತ್ತಾಗಲಿ. ಸದ್ಯಕ್ಕೆ ಅವೆರಡೂ ಒಂದೇ ಕಾಲಂನಲ್ಲಿ ಕೂತಿವೆ.

ಮುಂದೆ ಇಂಥ ಸಿಸ್ಟಮ್ ಒಂದರ ಕಡತ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಈಗಂತೂ ಎಐ ಅಂದರೆ ಸಾಕು ಟೆಂಡರ್ ಆಗಿಬಿಡುತ್ತದೆ. ಸಹಿ ಹಾಕುವ ಮೊದಲು ತಂದವರನ್ನು ಕೂರಿಸಿ ಕೇಳಿ: ಇದು ತಪ್ಪು ಮಾಡಿದ ದಿನ ಪೆಟ್ಟು ತಿಂದವರು ಯಾರ ಹತ್ತಿರ ಹೋಗಬೇಕು, ಅವರ ಹೆಸರೇನು, ನಿರ್ಧಾರ ಬದಲಿಸುವ ಅಧಿಕಾರ ಅವರಿಗೆ ಇದೆಯಾ, ಎಷ್ಟು ದಿನದಲ್ಲಿ? ಉತ್ತರ ಕಡತದಲ್ಲಿ ಬರೆದಿಲ್ಲ ಅಂದರೆ ಸಹಿ ಹಾಕಬೇಡಿ, ವಾಪಸ್ ಕಳಿಸಿ.

ಇಂತಿ,
ನಿಮ್ಮ ನಿಯಮಗಳ ಕೆಳಗೆ ಬದುಕುವವರಲ್ಲಿ ಒಬ್ಬರು